ಕನ್ನಡಿಗರು ಇಂಗ್ಲಿಷ್ ಪದಸಂಪತ್ತು ಬೆಳೆಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದವರು, ಕೆಲಸದ ಸ್ಥಳದಲ್ಲಿ ಇಂಗ್ಲಿಷ್ ಎದುರಿಸಬೇಕಾದವರು ಮತ್ತು ಮನೆಯಲ್ಲೇ ಕುಳಿತು ಸ್ವಂತವಾಗಿ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿರುವುದರಿಂದ, ಅವುಗಳ ಕಾಗುಣಿತವನ್ನು ನಿಘಂಟು ತೆರೆದು ನೋಡಿಕೊಳ್ಳುವುದನ್ನೇ ಓದುಗರು ಮೊದಲ ಅಭ್ಯಾಸವೆಂದು ಭಾವಿಸಬಹುದು.

ಇಂಗ್ಲಿಷ್‌ನಲ್ಲಿ ವ್ಯವಹರಿಸಲು ಎಷ್ಟು ಪದಗಳು ಗೊತ್ತಿರಬೇಕು?

ಎಣಿಸುವ ಮೊದಲು, ಯಾವುದನ್ನು ಒಂದು ಪದವೆಂದು ಎಣಿಸುತ್ತೇವೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಡಿಸೈಡ್, ಡಿಸೈಡೆಡ್, ಡಿಸಿಷನ್, ಡಿಸೈಸಿವ್, ಇನ್‌ಡಿಸೈಸಿವ್ ಇವೆಲ್ಲ ಒಂದೇ ಬೇರಿನಿಂದ ಹೊರಟವು. ಒಂದನ್ನು ಬಲ್ಲವನಿಗೆ ಉಳಿದವು ಹೆಚ್ಚು ತೊಡಕಾಗುವುದಿಲ್ಲವಾದ್ದರಿಂದ ಭಾಷಾವಿಜ್ಞಾನಿಗಳು ಇವನ್ನು ಒಂದು ಪದಕುಟುಂಬವೆಂದು ಲೆಕ್ಕ ಹಾಕುತ್ತಾರೆ. ನ್ಯೂಜಿಲೆಂಡ್‌ನ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಕಾದಂಬರಿ ಅಥವಾ ದಿನಪತ್ರಿಕೆಯ ನೂರು ಪದಗಳಲ್ಲಿ 98 ನಮಗೆ ತಿಳಿದಿರಬೇಕಾದರೆ 8000ದಿಂದ 9000 ಪದಕುಟುಂಬಗಳು ಬೇಕು. ಮಾತನ್ನು ಕೇಳಿ ಅದೇ ಮಟ್ಟಿಗೆ ಗ್ರಹಿಸಲು 6000ದಿಂದ 7000 ಸಾಕು.

ಈ ಅಂಕಿಗಳನ್ನು ಕಂಡು ಗಾಬರಿಯಾಗಬೇಕಿಲ್ಲ, ಏಕೆಂದರೆ ಎಲ್ಲ ಪದಗಳೂ ಒಂದೇ ಸಮನೆ ದುಡಿಯುವುದಿಲ್ಲ. ಅತಿ ಹೆಚ್ಚು ಬಳಕೆಯಲ್ಲಿರುವ ಮೊದಲ 2000 ಪದಕುಟುಂಬಗಳೇ ಸಾಮಾನ್ಯ ಬರಹದ ನೂರರಲ್ಲಿ ಸುಮಾರು 80 ಭಾಗವನ್ನು ಹೊತ್ತುಕೊಂಡಿರುತ್ತವೆ. ಇಂಥ ಪದಗಳನ್ನು ಆರಿಸಿ ಪಟ್ಟಿ ಮಾಡಿದವರಲ್ಲಿ ಪ್ರಮುಖನಾದ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಶಿಕ್ಷಣತಜ್ಞ ಬಹುಕಾಲ ಕೆಲಸ ಮಾಡಿದ್ದು ಅವಿಭಜಿತ ಬಂಗಾಳದ ಢಾಕಾದಲ್ಲಿ. ಅಲ್ಲಿನ ಮಕ್ಕಳು ಅಪರೂಪದ ಪದಗಳಿಂದ ತುಂಬಿದ ಪಾಠಗಳನ್ನು ಹೊತ್ತು ಬಳಲುವುದನ್ನು ಕಂಡ ಆತ 1953ರಲ್ಲಿ ಸುಮಾರು 2000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದ. ಇಂದಿಗೂ ಕಲಿಯುವವರಿಗಾಗಿ ಸಿದ್ಧವಾಗುವ ಪಟ್ಟಿಗಳು ಹೆಚ್ಚುಕಡಿಮೆ ಅದೇ ದಾರಿಯಲ್ಲಿ ನಡೆದಿವೆ.

ಆದರೆ ನೂರಕ್ಕೆ 80 ಎಂದರೆ ಪರೀಕ್ಷೆಯ ಅಂಕದಂತೆ ಹೆಮ್ಮೆಪಡುವ ಸಂಗತಿಯಲ್ಲ. ಐದರಲ್ಲಿ ಒಂದು ಪದ ಗೊತ್ತಿಲ್ಲವೆಂದೇ ಅದರ ಅರ್ಥ. "ನಿನ್ನೆ ನಮ್ಮೂರಿನ ಕೆರೆಯ ಇಂಥದ್ದು ಒಡೆಯಿತು" ಎಂದು ಯಾರಾದರೂ ಹೇಳಿದರೆ, ಒಡೆದದ್ದು ಏರಿಯೋ ತೂಬೋ ಎಂದು ತಿಳಿಯುವವರೆಗೆ ಗದ್ದೆ ಉಳಿಯಿತೇ ಕೊಚ್ಚಿಹೋಯಿತೇ ಎಂದು ಗೊತ್ತಾಗದು. ಬಿಟ್ಟುಹೋದ ಐದನೆಯ ಪದವೇ ಅನೇಕ ಸಲ ವಾಕ್ಯದ ಜೀವವಾಗಿರುತ್ತದೆ. ಆದ್ದರಿಂದ ಮೊದಲ 2000 ಪದಗಳನ್ನು ಗಟ್ಟಿಮಾಡಿಕೊಳ್ಳುವುದು, ಅನಂತರ ನಿಮ್ಮ ಓದು ಅಥವಾ ಉದ್ಯೋಗ ಕೇಳುವ ಪದಗಳ ಕಡೆಗೆ ತಿರುಗುವುದು, ಉಳಿದವನ್ನು ಓದಿನ ಮೂಲಕ ನಿಧಾನವಾಗಿ ಬರಮಾಡಿಕೊಳ್ಳುವುದು ಸರಿಯಾದ ಕ್ರಮ.

ನನಗೆ ಇಂಗ್ಲಿಷ್ ಏನೂ ಬರುವುದಿಲ್ಲ. ಎಲ್ಲಿಂದ ಆರಂಭಿಸಲಿ?

ಏನೂ ಬರುವುದಿಲ್ಲ ಎನ್ನುವವರ ಮಾತನ್ನೇ ಒಂದು ದಿನ ಗಮನಿಸಿದರೆ ಅದು ನಿಜವಲ್ಲವೆಂದು ಗೊತ್ತಾಗುತ್ತದೆ. ಬಸ್ ಲೇಟಾಯಿತು, ಲೋನ್ ಸ್ಯಾಂಕ್ಷನ್ ಆಯಿತು, ಫೈಲ್ ಪೆಂಡಿಂಗ್ ಇದೆ, ಬೋರ್‌ವೆಲ್ ಫೇಲಾಯಿತು, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ದಿನವಿಡೀ ಆಡುವ ಕನ್ನಡಿಗನ ಬಾಯಲ್ಲಿ ನೂರಾರು ಇಂಗ್ಲಿಷ್ ಪದಗಳು ಆಗಲೇ ಸಲೀಸಾಗಿ ಓಡಾಡುತ್ತಿವೆ. ಒಂದು ವಾರ ಜೇಬಿನಲ್ಲಿ ಚೀಟಿ ಇಟ್ಟುಕೊಂಡು, ನಿಮ್ಮ ಬಾಯಿಂದ ಮತ್ತು ಮನೆಯವರ ಬಾಯಿಂದ ಬಿದ್ದ ಇಂಗ್ಲಿಷ್ ಪದಗಳನ್ನು ಬರೆದುಕೊಳ್ಳಿ. ಅದೇ ನಿಮ್ಮ ಮೊದಲ ಪಟ್ಟಿ. ಅದರ ಒಂದೊಂದು ಪದಕ್ಕೂ ಇಂಗ್ಲಿಷ್ ಕಾಗುಣಿತ ಕಲಿತರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೆಲಸವೇ ಸೂಕ್ಷ್ಮವಾದದ್ದು. ಮದುವೆಯಾಗಿ ಹೊಸ ಮನೆಗೆ ಬಂದವರ ಸ್ವಭಾವ ಬದಲಾಗುವಂತೆ, ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳೂ ಅರ್ಥ ಬದಲಿಸಿಕೊಂಡಿವೆ. ನಮ್ಮಲ್ಲಿ ಹೋಟೆಲ್ ಎಂದರೆ ಇಡ್ಲಿ ತಿನ್ನುವ ಜಾಗ. ಇಂಗ್ಲೆಂಡಿನಲ್ಲಿ ಅದು ರಾತ್ರಿ ಉಳಿದುಕೊಳ್ಳುವ ಜಾಗ, ಊಟಕ್ಕೆ ಹೋಗುವುದು ರೆಸ್ಟೋರೆಂಟಿಗೆ. ಅಂಗಡಿಯಲ್ಲಿ ನಾವು ಕೇಳುವ ಕವರ್ ಅವರ ಪಾಲಿಗೆ ಹೊದಿಕೆ. ಅವರು ಬ್ಯಾಗ್ ಎನ್ನುತ್ತಾರೆ. ಮನೆ ಕಟ್ಟಲು ನಾವು ಕೊಳ್ಳುವ ಸೈಟ್ ಅವರಿಗೆ ಪ್ಲಾಟ್. ಕರೆಂಟ್ ಹೋಯಿತು ಎನ್ನುವಲ್ಲಿ ಪವರ್ ಎನ್ನಬೇಕು. ತರಗತಿಯಲ್ಲಿ ಡೌಟ್ ಇದೆ ಎಂದು ವಿದ್ಯಾರ್ಥಿ ಕೈ ಎತ್ತಿದರೆ, ಹೊರಗಿನಿಂದ ಬಂದ ಅಧ್ಯಾಪಕರಿಗೆ ತಮ್ಮ ಮಾತನ್ನೇ ಇವನು ಶಂಕಿಸುತ್ತಿದ್ದಾನೆ ಎನಿಸಬಹುದು. ಅಲ್ಲಿ ಬೇಕಾದದ್ದು ಕ್ವೆಶ್ಚನ್. ಜೆರಾಕ್ಸ್ ಎಂಬುದು ಕಂಪನಿಯೊಂದರ ಹೆಸರಾಗಿದ್ದು, ಸಾಮಾನ್ಯ ಪದ ಫೋಟೋಕಾಪಿ.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಸ್ಟೆಪ್ನಿ. ಲಾರಿ ಚಾಲಕರಿಂದ ಹಿಡಿದು ಎಲ್ಲರೂ ಹೆಚ್ಚುವರಿ ಚಕ್ರಕ್ಕೆ ಬಳಸುವ ಈ ಪದ, 1904ರ ಸುಮಾರಿಗೆ ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ತಯಾರಾಗುತ್ತಿದ್ದ ಚಕ್ರದಿಂದ ಬಂದದ್ದು. ಇಂದು ಬ್ರಿಟನ್ನಿನಲ್ಲಿ ಅದನ್ನು ಹೇಳಿದರೆ ಬಹುತೇಕರಿಗೆ ತಿಳಿಯದು. ಅಲ್ಲಿ ಸ್ಪೇರ್ ವೀಲ್ ಎನ್ನಬೇಕು. ನಾವು ಉಳಿಸಿಕೊಂಡ ಪದವನ್ನು ಅದರ ತವರೇ ಮರೆತಿದೆ.

ಪದದ ಮುಂದೆ ಕನ್ನಡ ಅರ್ಥ ಬರೆದು ಬಾಯಿಪಾಠ ಮಾಡುವುದು ತಪ್ಪೇ?

ಆರಂಭದಲ್ಲಿ ತಪ್ಪಲ್ಲ, ಹಲವು ವೇಳೆ ಅದೇ ಅತಿ ಬೇಗನೆ ಮುಟ್ಟಿಸುವ ದಾರಿ. ಕ್ರೋ ಎಂದರೆ ಕಾಗೆ ಎಂದು ತಿಳಿಯಲು ಇಂಗ್ಲಿಷ್‌ನಲ್ಲೇ ಎರಡು ಸಾಲಿನ ವಿವರಣೆ ಓದುತ್ತ ಕೂರುವುದು ವ್ಯರ್ಥ. ಕನ್ನಡವನ್ನು ತಲೆಯಿಂದ ಹೊರಗಟ್ಟಿದರೆ ಮಾತ್ರ ಇಂಗ್ಲಿಷ್ ಬರುತ್ತದೆ ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ತೊಂದರೆ ಇರುವುದು ಕನ್ನಡದಲ್ಲಲ್ಲ, ಒಂದು ಪದಕ್ಕೆ ಒಂದೇ ಪದ ಎಂಬ ಎಣಿಕೆಯಲ್ಲಿ.

ಸಾಲ ಎಂಬ ಮಾತನ್ನೇ ನೋಡಿ. ನಾವು ಸಾಲ ಕೊಡುತ್ತೇವೆ, ಸಾಲ ತೆಗೆದುಕೊಳ್ಳುತ್ತೇವೆ. ಹಣ ಯಾವ ಕಡೆಗೆ ಹೋಯಿತು ಎಂಬುದನ್ನು ಎರಡನೆಯ ಪದ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಕೊಡುವುದಕ್ಕೆ ಲೆಂಡ್, ಪಡೆಯುವುದಕ್ಕೆ ಬಾರೋ ಎಂದು ಕ್ರಿಯಾಪದವೇ ಬೇರೆ. ಎರಡರ ಮುಂದೆಯೂ ಸಾಲ ಎಂದಷ್ಟೇ ಬರೆದುಕೊಂಡವರು "ನಿಮ್ಮ ಪೆನ್ನನ್ನು ಬಾರೋ ಮಾಡಿ" ಎಂದು ಕೇಳಿ ಎದುರಿನವರನ್ನು ಗೊಂದಲಕ್ಕೆ ಕೆಡವುತ್ತಾರೆ. ನೋಡು ಎಂಬ ಒಂದೇ ಧಾತುವಿನ ಜಾಗದಲ್ಲಿ ಸೀ, ಲುಕ್, ವಾಚ್ ಮೂರೂ ನಿಂತಿವೆ: ತಾನಾಗಿ ಕಣ್ಣಿಗೆ ಬಿದ್ದರೆ ಸೀ, ಬೇಕೆಂದು ಕಣ್ಣು ಹಾಯಿಸಿದರೆ ಲುಕ್, ನಡೆಯುತ್ತಿರುವುದನ್ನು ಕುಳಿತು ನೋಡಿದರೆ ವಾಚ್. ಕಾಲು ನೋಯುತ್ತಿದೆ ಎಂದಾಗ ವೈದ್ಯರು ಪಾದವೋ ಮೇಲಿನ ಭಾಗವೋ ಎಂದು ಕೇಳಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಫುಟ್ ಮತ್ತು ಲೆಗ್ ಮೊದಲೇ ಬೇರೆಬೇರೆ.

ಇದು ಒಂದೇ ಕಡೆಯ ದಾರಿಯೂ ಅಲ್ಲ. ಅತ್ತಿಗೆ, ನಾದಿನಿ, ಓರಗಿತ್ತಿ ಇವರೆಲ್ಲರೂ ಇಂಗ್ಲಿಷ್‌ನಲ್ಲಿ ಸಿಸ್ಟರ್ ಇನ್ ಲಾ ಎಂಬ ಒಂದೇ ಚಾಪೆಯ ಮೇಲೆ ಕೂರಬೇಕು. ಈ ಬಗೆಯ ಹೊಂದದ ಜಾಗಗಳನ್ನು ಗುರುತಿಸಿಕೊಂಡವರಿಗೆ ಪದ ಬೇಗ ವಶವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ನಮ್ಮ ಮಾಡು. ಕನ್ನಡದಲ್ಲಿ ಯಾವ ನಾಮಪದದ ಹಿಂದೆ ಬೇಕಾದರೂ ಮಾಡು ಬಂದು ನಿಲ್ಲುತ್ತದೆ: ತಪ್ಪು ಮಾಡು, ಉಪಕಾರ ಮಾಡು, ನಿರ್ಧಾರ ಮಾಡು, ವ್ಯಾಯಾಮ ಮಾಡು, ಸ್ನಾನ ಮಾಡು. ಇಂಗ್ಲಿಷ್‌ನಲ್ಲಿ ತಪ್ಪು ಮತ್ತು ನಿರ್ಧಾರಗಳಿಗೆ ಮೇಕ್, ಉಪಕಾರ ಮತ್ತು ವ್ಯಾಯಾಮಗಳಿಗೆ ಡೂ, ಸ್ನಾನಕ್ಕೆ ಹ್ಯಾವ್ ಅಥವಾ ಟೇಕ್. ಇದಕ್ಕೆ ನಿಯಮ ಹುಡುಕಿ ಪ್ರಯೋಜನವಿಲ್ಲ. ನಮ್ಮಲ್ಲಿ ಕನಸು ಬೀಳುತ್ತದೆ, ನಿದ್ದೆ ಬರುತ್ತದೆ, ಹಸಿವು ಆಗುತ್ತದೆ. ಯಾಕೆ ಹಾಗೆ ಎಂದು ಕೇಳಿದರೆ ನಾವೇನು ಹೇಳಬಲ್ಲೆವು? ಪದಗಳಿಗೂ ಸಹವಾಸವಿದೆ, ಆ ಸಹವಾಸವನ್ನು ಸಹಿತ ಬರೆದುಕೊಳ್ಳಬೇಕು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಡಿಸಿಷನ್ ಎಂದು ಒಂಟಿಯಾಗಿ ಬರೆಯದೆ ಮೇಕ್ ಎ ಡಿಸಿಷನ್ ಎಂದು ಬರೆಯಿರಿ. ರೇನ್ ಎಂದು ಬರೆಯುವ ಬದಲು ಹೆವಿ ರೇನ್ ಎಂದು ಬರೆಯಿರಿ. ಜೋರು ಮಳೆಗೂ ಗಟ್ಟಿ ಕಾಫಿಗೂ ಇಂಗ್ಲಿಷ್‌ನಲ್ಲಿ ಬೇರೆಬೇರೆ ವಿಶೇಷಣಗಳಿವೆ: ಮಳೆ ಹೆವಿ, ಕಾಫಿ ಸ್ಟ್ರಾಂಗ್.

ಬೆಳಿಗ್ಗೆ ಕಲಿತ ಪದ ಸಂಜೆಗೆ ಮರೆತುಹೋಗುತ್ತದೆ. ನನ್ನ ಜ್ಞಾಪಕಶಕ್ತಿಯಲ್ಲಿ ದೋಷವಿದೆಯೇ?

ಇಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ತಾನೇ ಪರೀಕ್ಷಿಸಿಕೊಂಡು, 1885ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇದನ್ನೇ ಹೇಳುತ್ತದೆ: ಮರೆವು ಮೊದಲ ಕೆಲವು ಗಂಟೆಗಳಲ್ಲಿ ರಭಸವಾಗಿಯೂ ಅನಂತರ ನಿಧಾನವಾಗಿಯೂ ಆಗುತ್ತದೆ. ಒಂದೇ ಸಂಜೆ ಇಪ್ಪತ್ತು ಸಲ ಉರು ಹೊಡೆಯುವುದಕ್ಕಿಂತ, ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಹದಿನೈದು ದಿನ ಬಿಟ್ಟು, ತಿಂಗಳು ಬಿಟ್ಟು ಒಂದೊಂದು ಸಲ ನೆನಪಿಸಿಕೊಂಡರೆ ಪದ ನಿಲ್ಲುತ್ತದೆ.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆಯ ವಿಧಾನವನ್ನು ಹಳೆಯ ಮದುವೆ ಕರೆಯೋಲೆಗಳ ಖಾಲಿ ಬೆನ್ನಿನಿಂದಲೇ ನಡೆಸಬಹುದು. ಚೀಟಿಯ ಒಂದು ಬದಿಗೆ ಪದಗುಚ್ಛ, ಇನ್ನೊಂದು ಬದಿಗೆ ಅರ್ಥ. ಐದು ಖಾನೆಗಳಿರಲಿ. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳುತ್ತದೆ. ಮೊದಲ ಖಾನೆಯನ್ನು ದಿನವೂ, ಕೊನೆಯದನ್ನು ತಿಂಗಳಿಗೊಮ್ಮೆಯೂ ತೆರೆದರೆ ಸಾಕು. ಮೊಬೈಲಿನಲ್ಲಿ ಇದೇ ಕೆಲಸವನ್ನು 2006ರಲ್ಲಿ ಹೊರಬಂದ ಆಂಕಿಯಂಥ ತಂತ್ರಾಂಶಗಳು ಮಾಡುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಚೀಟಿಯನ್ನು ತಿರುಗಿಸಿ ನೋಡುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಿ. ನೋಡಿದ ಮೇಲೆ "ಇದು ನನಗೆ ಗೊತ್ತಿತ್ತು" ಎನಿಸುವುದು ಕಲಿಕೆಯಲ್ಲ.

ಎಷ್ಟು ಸಲ ನೋಡಿದರೂ ಅಂಟದ ಪದಕ್ಕೆ ಕನ್ನಡದ ಒಂದು ಧ್ವನಿಯನ್ನು ಗಂಟುಹಾಕಿ. ಮಂಚ್ ಎಂದರೆ ಕಚಪಚ ಜಗಿಯುವುದು; ಮಂಚದ ಮೇಲೆ ಕುಳಿತು ಚಕ್ಕುಲಿ ಜಗಿಯುವವನನ್ನು ಕಲ್ಪಿಸಿಕೊಂಡರೆ ಸಾಕು. ಅಲೂಫ್ ಎಂದರೆ ಯಾರೊಂದಿಗೂ ಬೆರೆಯದವನು. ಸಾರಿನಲ್ಲಿ ಬೇಯದೆ ತಟ್ಟೆಯ ಅಂಚಿಗೆ ಸರಿದುಬಿಟ್ಟ ಆಲೂಗಡ್ಡೆ ನೆನಪಾಗಲಿ. ಚಿತ್ರ ಹಾಸ್ಯಾಸ್ಪದವಾಗಿದ್ದಷ್ಟೂ ಒಳ್ಳೆಯದು.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಪಾಠವೇ ಅರ್ಥವಾಗುತ್ತಿಲ್ಲ. ಏನು ಮಾಡಲಿ?

ಇಲ್ಲಿ ಕೇಳುವ ಎಲ್ಲ ಪ್ರಶ್ನೆಗಳಲ್ಲಿ ಹೆಚ್ಚು ನೋವು ಇರುವುದು ಇದರಲ್ಲಿ. ಹತ್ತನೆಯ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಉತ್ತರಿಸುತ್ತಿದ್ದವರು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಮೂಕರಾಗುತ್ತಾರೆ. ಆದರೆ ಅವರಿಗೆ ವಿಷಯ ಗೊತ್ತಿದೆ, ಹೆಸರು ಮಾತ್ರ ಬದಲಾಗಿದೆ. ವೇಗೋತ್ಕರ್ಷವನ್ನು ಬಲ್ಲವನಿಗೆ ಆ್ಯಕ್ಸಿಲರೇಷನ್ ಹೊಸ ವಿಷಯವಲ್ಲ. ಜವ ಮತ್ತು ವೇಗಗಳ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ಕಲಿತವನು ಸ್ಪೀಡ್ ಮತ್ತು ವೆಲಾಸಿಟಿಗಳ ವ್ಯತ್ಯಾಸವನ್ನು ಆಗಲೇ ಬಲ್ಲ. ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕವನ್ನೂ ಅದರ ಇಂಗ್ಲಿಷ್ ಆವೃತ್ತಿಯನ್ನೂ ಅಕ್ಕಪಕ್ಕ ತೆರೆದಿಟ್ಟು, ಗೊತ್ತಿರುವ ಪಾಠವನ್ನೇ ಇಂಗ್ಲಿಷ್‌ನಲ್ಲಿ ಮತ್ತೆ ಓದುವುದು ನನಗೆ ತಿಳಿದ ಮಟ್ಟಿಗೆ ಇದಕ್ಕಿರುವ ಅತ್ಯುತ್ತಮ ಔಷಧ. ವಕ್ರೀಭವನ, ವಿಭವಾಂತರ, ಪ್ರತ್ಯಾಮ್ಲ ಇವುಗಳ ಎದುರಿಗೆ ರಿಫ್ರ್ಯಾಕ್ಷನ್, ಪೊಟೆನ್ಶಿಯಲ್ ಡಿಫರೆನ್ಸ್, ಬೇಸ್ ತಾವಾಗಿಯೇ ಬಂದು ಕೂರುತ್ತವೆ.

ಕನ್ನಡ ಮಾಧ್ಯಮದವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ. ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ. ನಮ್ಮ ಪಾರಿಭಾಷಿಕ ಪದಗಳಲ್ಲಿ ಎಷ್ಟೋ ಗ್ರೀಕ್ ಮೂಲವನ್ನು ತುಂಡುತುಂಡಾಗಿ ಬಿಡಿಸಿ ಕಟ್ಟಿದವು. ಹೈಡ್ರೋ ಎಂದರೆ ನೀರು, ಜನ್ ಎಂದರೆ ಹುಟ್ಟಿಸುವುದು; ಆದ್ದರಿಂದ ಹೈಡ್ರೋಜನ್ ಜಲಜನಕವಾಯಿತು. ಆಕ್ಸಿಜನ್ ಎಂದರೆ ಆಮ್ಲ ಹುಟ್ಟಿಸುವುದು; ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ತಪ್ಪಾಗಿ ಭಾವಿಸಿ ಫ್ರಾನ್ಸಿನ ರಸಾಯನವಿಜ್ಞಾನಿ ಲವಾಸಿಯೆ ಈ ಹೆಸರಿಟ್ಟ. ಕನ್ನಡವು ಆ ತಪ್ಪನ್ನೂ ನಿಷ್ಠೆಯಿಂದ ಅನುವಾದಿಸಿಕೊಂಡು ಆಮ್ಲಜನಕ ಎಂದಿತು. ಫೋಟೋ ಎಂದರೆ ಬೆಳಕು, ಸಿಂಥೆಸಿಸ್ ಎಂದರೆ ಕೂಡಿಸುವುದು. ದ್ಯುತಿ ಮತ್ತು ಸಂಶ್ಲೇಷಣೆ ಅವೇ ಎರಡು ತುಂಡುಗಳು. ಹೆಮಿ ಅರ್ಧ, ಸ್ಫಿಯರ್ ಗೋಳ, ಅದು ಗೋಳಾರ್ಧ. ಇಂಗ್ಲಿಷ್ ಮಾಧ್ಯಮದ ಹುಡುಗನಿಗೆ ಹೈಡ್ರೋಜನ್ ಬರೀ ಒಂದು ಸದ್ದು. ಜಲಜನಕ ಎಂದು ಓದಿದವನಿಗೆ ಅದರ ಒಳಗೇನಿದೆ ಎಂಬುದು ಗೊತ್ತು, ಹೈಡ್ರಾಲಿಕ್, ಹೈಡ್ರೋಎಲೆಕ್ಟ್ರಿಕ್, ಡಿಹೈಡ್ರೇಷನ್ ಬಂದಾಗ ಅದೇ ಕೀಲಿಯಿಂದ ಬಾಗಿಲು ತೆರೆಯಬಹುದು.

ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ಪದಗಳಲ್ಲಿ ಇನ್ನೂ ಹತ್ತಿರದ ನಂಟಿದೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮತ್ತು ಇಂಗ್ಲಿಷ್ ಒಂದೇ ಭಾಷಾಕುಟುಂಬಕ್ಕೆ ಸೇರಿರುವುದರಿಂದ ದಂತ ಮತ್ತು ಡೆಂಟಲ್, ನಾಮ ಮತ್ತು ನೇಮ್, ಪಾದ ಮತ್ತು ಪೆಡಲ್, ನವ ಮತ್ತು ನ್ಯೂ, ವಿಧವೆ ಮತ್ತು ವಿಡೋ ನಿಜವಾಗಿಯೂ ಒಂದೇ ಬೇರಿನವು. ಜನಕ ಮತ್ತು ಜನ್ ಕೂಡ ಹಾಗೆಯೇ. ಕನ್ನಡದ ಅಚ್ಚ ದ್ರಾವಿಡ ಪದಗಳಿಗೆ ಈ ನಂಟು ಇಲ್ಲವಾದ್ದರಿಂದ, ಹೋಲಿಕೆ ಕಂಡಲ್ಲೆಲ್ಲ ಸಂಬಂಧ ಕಲ್ಪಿಸುವ ಉತ್ಸಾಹ ಬೇಡ.

ನಿಜವಾದ ತೊಡಕು ಕಷ್ಟದ ಪದಗಳಲ್ಲಿ ಇಲ್ಲ, ಸುಲಭವಾಗಿ ಕಾಣುವ ಪದಗಳಲ್ಲಿದೆ. ಫಂಕ್ಷನ್ ಎಂದರೆ ನಮಗೆ ಛತ್ರದಲ್ಲಿ ನಡೆಯುವ ಸಮಾರಂಭ. ಗಣಿತದ ತರಗತಿಯಲ್ಲಿ ಅದು ಬೇರೆಯೇ ವಸ್ತು. ಸಲ್ಯೂಷನ್ ರಸಾಯನಶಾಸ್ತ್ರದಲ್ಲಿ ದ್ರಾವಣ, ಗಣಿತದಲ್ಲಿ ಪರಿಹಾರ. ಸೆಲ್ ಜೀವಶಾಸ್ತ್ರದಲ್ಲಿ ಜೀವಕೋಶ, ಭೌತಶಾಸ್ತ್ರದಲ್ಲಿ ವಿದ್ಯುತ್ಕೋಶ. ಗೋಡೆಯನ್ನು ಒಂದು ಗಂಟೆ ತಳ್ಳಿ ಬೆವರಿದರೂ ಗೋಡೆ ಕದಲದಿದ್ದರೆ ಭೌತಶಾಸ್ತ್ರದ ಲೆಕ್ಕದಲ್ಲಿ ವರ್ಕ್ ಸೊನ್ನೆ.

ಇವುಗಳ ಜೊತೆಗೆ, ಯಾವ ಅಧ್ಯಾಪಕರೂ ಬಿಡಿಸಿ ಹೇಳದ ನಡುವಿನ ಪದಗಳು ಕೆಲವಿವೆ: ಅಸ್ಯೂಮ್ (ಹೀಗೆಂದು ಇಟ್ಟುಕೊ), ಡಿರೈವ್ (ಸಾಧಿಸಿ ತೋರಿಸು), ಹೆನ್ಸ್ (ಆದ್ದರಿಂದ), ಜಸ್ಟಿಫೈ (ಕಾರಣ ಕೊಟ್ಟು ಸಮರ್ಥಿಸು). ಇವು ವಿಜ್ಞಾನದ ಪದಗಳಲ್ಲ, ಮನೆಮಾತಿನ ಪದಗಳೂ ಅಲ್ಲ. ಪಠ್ಯದ ವಾಕ್ಯಗಳನ್ನು ಹೊಲಿದಿಡುವ ದಾರಗಳು. ಏವ್ರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಗಳ ಪಟ್ಟಿಯಲ್ಲಿ ಇಂಥ 570 ಪದಕುಟುಂಬಗಳಿವೆ. ದಿನಕ್ಕೆ ಐದರಂತೆ ಕಲಿತರೆ ಮೊದಲ ಪಿಯುಸಿ ಮುಗಿಯುವುದರೊಳಗೆ ಅದು ಮುಗಿದು, ಪುನರಾವರ್ತನೆಗೂ ಸಮಯ ಉಳಿಯುತ್ತದೆ.

ಯಾವ ನಿಘಂಟನ್ನು ಬಳಸಬೇಕು?

ಎರಡು ಬಗೆಯವು ಬೇಕು. ಕನ್ನಡ ಅರ್ಥವನ್ನು ಥಟ್ಟನೆ ತಿಳಿಯಲು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಂಥದ್ದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿ ತಾಣದಲ್ಲಿಯೂ ಹಲವು ಕೋಶಗಳಿವೆ. ಕನ್ನಡದ ಪದಕ್ಕೆ ಇಂಗ್ಲಿಷ್ ಬೇಕಾದಾಗ ಅಂತರ್ಜಾಲದ ಅಲರ್ ನಿಘಂಟು ಕೈಗೆ ಹತ್ತಿರ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಕೋಶವು ಕನ್ನಡ ಪದಗಳ ಆಳವನ್ನು ತೋರುವ ಅಪೂರ್ವ ಕೃತಿಯಾದರೂ ಇಂದಿನ ಇಂಗ್ಲಿಷ್ ಕಲಿಯಲು ಅದನ್ನು ಆಶ್ರಯಿಸುವುದು ಸರಿಯಲ್ಲ.

ಎರಡನೆಯದು, ಪರಭಾಷಿಕರಿಗಾಗಿಯೇ ಸಿದ್ಧಪಡಿಸಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಆಕ್ಸ್‌ಫರ್ಡ್‌ನ ಇಂಥ ನಿಘಂಟು ಹುಟ್ಟಿದ್ದೇ ಇಂಗ್ಲೆಂಡಿನ ಹೊರಗೆ. ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ. ಎಸ್. ಹಾರ್ನ್‌ಬಿ ಅಲ್ಲಿನ ವಿದ್ಯಾರ್ಥಿಗಳಿಗಾಗಿ ರೂಪಿಸಿ 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾದದ್ದು ಅದರ ಮೊದಲ ರೂಪ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು 2000 ಸುಲಭ ಪದಗಳಲ್ಲೇ ವಿವರಿಸುವ ಪದ್ಧತಿ ತಂದಿತು. ಮೊದಲ ಪ್ರಶ್ನೆಯಲ್ಲಿ ಹೇಳಿದ 2000 ಪದಗಳು ಬಂದುಬಿಟ್ಟರೆ, ಉಳಿದ ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ತಿಳಿಯಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಿಘಂಟಿನಲ್ಲಿ ಅರ್ಥ ಸಿಕ್ಕೊಡನೆ ಮುಚ್ಚಬೇಡಿ. ಕೆಳಗಿನ ಉದಾಹರಣೆ ವಾಕ್ಯವೇ ಅದರ ತಿರುಳು.

ಇಂಗ್ಲಿಷ್ ಪತ್ರಿಕೆ ಓದಿ ಎನ್ನುತ್ತಾರೆ. ಓದಿದರೆ ಪ್ರತಿ ಸಾಲಿಗೂ ನಿಘಂಟು ಬೇಕಾಗುತ್ತದೆ.

ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿ. ಬೆಂಗಳೂರಿನಲ್ಲಿ ಒಂದೇ ಸಂಸ್ಥೆಯಿಂದ 1948ರಲ್ಲಿ ಆರಂಭವಾದ ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ, ಕಾವೇರಿ ನೀರಿನದೋ ವಿಧಾನಸಭೆಯದೋ ಒಂದೇ ಸುದ್ದಿ ಎರಡು ಭಾಷೆಗಳಲ್ಲಿ ಸಿಗುತ್ತದೆ. ಏನು ನಡೆಯಿತೆಂದು ಗೊತ್ತಿರುವುದರಿಂದ ಅಡ್ಜರ್ನ್ಡ್ ಎಂದರೆ ಕಲಾಪ ಮುಂದೂಡಿದ್ದು, ಅಲೆಜ್ಡ್ ಎಂದರೆ ಆರೋಪವಷ್ಟೇ, ಇನ್ನೂ ಸಾಬೀತಾಗಿಲ್ಲ ಎಂಬುದು ಸಂದರ್ಭದಿಂದಲೇ ಹೊಳೆಯುತ್ತದೆ. ಕ್ರಿಕೆಟ್ ಬಲ್ಲವರು ಆಟದ ಪುಟದಿಂದ ಆರಂಭಿಸುವುದು ಇನ್ನೂ ಜಾಣತನ. ಅಲ್ಲಿ ಅರ್ಧ ಪದಗಳು ಮೊದಲೇ ಪರಿಚಿತ. ಒಂದು ವರದಿಯಲ್ಲಿ ಮೂರೇ ಮೂರು ಪದಗಳಿಗೆ ಗೆರೆ ಎಳೆಯಿರಿ, ಉಳಿದವನ್ನು ಬಿಟ್ಟು ಮುಂದೆ ಓದಿ. ಬೇಕಾದ ಪದ ಮತ್ತೆ ಬಂದೇ ಬರುತ್ತದೆ. ಬಾರದಿದ್ದರೆ ಅದು ಬೇಕಿರಲಿಲ್ಲ.

ಓದಿದರೆ ತಿಳಿಯುತ್ತದೆ, ಮಾತನಾಡಲು ಹೋದರೆ ಪದವೇ ಬರುವುದಿಲ್ಲ. ಏಕೆ?

ಗುರುತು ಹಿಡಿಯುವುದು ಒಂದು ಶಕ್ತಿ, ಬೇಕಾದಾಗ ಹೊರತೆಗೆಯುವುದು ಇನ್ನೊಂದು. ಹಳಗನ್ನಡದ ಪದ್ಯವನ್ನು ಕೇಳಿ ಅರ್ಥಮಾಡಿಕೊಳ್ಳುವ ನಾವು ಹಳಗನ್ನಡದಲ್ಲಿ ತರಕಾರಿ ಕೊಳ್ಳಲಾರೆವಷ್ಟೆ. ಎಲ್ಲ ಭಾಷಿಕರಿಗೂ ಅರ್ಥವಾಗುವ ಪದಗಳಿಗಿಂತ ಆಡುವ ಪದಗಳು ಕಡಿಮೆಯೇ ಇರುತ್ತವೆ, ಅದು ಸಹಜ. ಪದ ನಾಲಿಗೆಗೆ ಬರಬೇಕಾದರೆ ಅದನ್ನು ಕಿವಿಗೆ ಬೀಳುವಂತೆ ಹೇಳಿ ಅಭ್ಯಾಸ ಮಾಡಬೇಕು: ಅಡುಗೆ ಮಾಡುವಾಗ ಮಾಡುತ್ತಿರುವುದನ್ನು, ಬಸ್ಸಿನಲ್ಲಿ ಕಿಟಕಿಯ ಹೊರಗೆ ಕಂಡದ್ದನ್ನು, ಮಲಗುವ ಮೊದಲು ಆ ದಿನದ ಘಟನೆಯನ್ನು ಐದು ವಾಕ್ಯಗಳಲ್ಲಿ. ಸಿಕ್ಕಿಹಾಕಿಕೊಂಡ ಜಾಗದಲ್ಲಿ ಕನ್ನಡ ಪದವನ್ನೇ ಹಾಕಿ ಮುಂದೆ ಸಾಗಿ, ಅನಂತರ ಅದನ್ನು ಹುಡುಕಿ. ಹಾಗೆ ಹುಡುಕಿದ ಪದ ನಿಮ್ಮ ಅಗತ್ಯದಿಂದ ಹುಟ್ಟಿದ್ದಾದ್ದರಿಂದ ಸುಲಭವಾಗಿ ಮರೆಯದು.

ಗಿವ್ ಅಪ್, ಪುಟ್ ಆಫ್ ಮುಂತಾದವು ತಲೆಗೆ ಹತ್ತುವುದೇ ಇಲ್ಲ. ಉಪಾಯವಿದೆಯೇ?

ಕ್ರಿಯಾಪದಕ್ಕೆ ಚಿಕ್ಕ ಬಾಲ ಅಂಟಿ ಅರ್ಥವೇ ಬದಲಾಗುವ ಈ ಫ್ರೇಸಲ್ ವರ್ಬ್‌ಗಳು ವಿಚಿತ್ರವೆನಿಸಿದರೆ, ನಮ್ಮ ಭಾಷೆಯನ್ನು ಹೊರಗಿನವರ ಕಣ್ಣಿನಿಂದ ನೋಡಿ. ತಿನ್ನು ಬೇರೆ, ತಿಂದುಹಾಕು ಬೇರೆ. ಮಾಡು, ಮಾಡಿಕೊ, ಮಾಡಿಬಿಡು ಮೂರೂ ಬೇರೆ. ತಿಂದುಹಾಕುವುದರಲ್ಲಿ ಏನನ್ನೂ ಎಲ್ಲಿಗೂ ಹಾಕುವುದಿಲ್ಲ. ಪೂರ್ತಿಯಾಗಿ ಮುಗಿಸಿದೆ ಎಂಬ ಭಾವ ಆ ಹಾಕು ಎಂಬುದರಲ್ಲಿದೆ. ಈಟ್ ಅಪ್ ಎನ್ನುವಾಗ ಅಪ್ ಮಾಡುವ ಕೆಲಸವೂ ಅದೇ. ಡ್ರಿಂಕ್ ಅಪ್, ಯೂಸ್ ಅಪ್, ಫಿನಿಶ್ ಅಪ್ ಎಲ್ಲದರಲ್ಲೂ ಮುಗಿಸಿಬಿಡುವ ಭಾವವಿದೆ. ಆದ್ದರಿಂದ ಪುಟ್ ಎಂಬ ತಲೆಯ ಕೆಳಗೆ ಹತ್ತು ಬಾಲಗಳನ್ನು ಒಟ್ಟಿಗೆ ಕಲಿಯಬೇಡಿ, ಎಲ್ಲವೂ ಕಲಸಿಹೋಗುತ್ತವೆ. ಒಂದು ಬಾಲ ಹಿಡಿದು ಅದರ ಭಾವ ಗುರುತಿಸಿ, ಅಥವಾ ಒಂದೊಂದನ್ನು ಒಂದು ಘಟನೆಗೆ ಸೇರಿಸಿ: ಮಳೆಯಿಂದ ಪರೀಕ್ಷೆ ಪುಟ್ ಆಫ್ ಆಯಿತು (ಮುಂದಕ್ಕೆ ಹೋಯಿತು), ಅಪ್ಪ ಸಿಗರೇಟು ಗಿವ್ ಅಪ್ ಮಾಡಿದರು (ಬಿಟ್ಟುಬಿಟ್ಟರು).

ಉಚ್ಚಾರಣೆಯನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಬಹುದೇ?

ನೆನಪಿಗೆ ಬರೆದುಕೊಳ್ಳಬಹುದು, ನಂಬಬಾರದು. ನಮ್ಮ ಲಿಪಿಯಲ್ಲಿ ಬರೆದಂತೆ ಓದುತ್ತೇವೆ ಮತ್ತು ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮಾನ ತೂಕ ಕೊಡುತ್ತೇವೆ. ಇಂಗ್ಲಿಷ್‌ನಲ್ಲಿ ಒಂದು ಭಾಗವನ್ನು ಒತ್ತಿ ಉಳಿದವನ್ನು ನುಂಗುತ್ತಾರೆ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ಭಾಗಕ್ಕೆ, ಫೊಟಾಗ್ರಫರ್‌ನಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್‌ನಲ್ಲಿ ಮೂರನೆಯದಕ್ಕೆ. ನಾವು ವೆಜಿಟೇಬಲ್ ಎಂದು ಬಿಡಿಸಿ ಹೇಳುವುದನ್ನು ಅವರು ವೆಜ್‌ಟಬಲ್ ಎಂದು ಮುಗಿಸುತ್ತಾರೆ. ಈ ಒತ್ತನ್ನು ತೋರಿಸಲು ಕನ್ನಡ ಅಕ್ಷರಗಳಲ್ಲಿ ಗುರುತಿಲ್ಲ. ನಿಘಂಟಿನ ಧ್ವನಿಗುಂಡಿಯನ್ನು ಒತ್ತಿ ಕೇಳಿ, ಒತ್ತು ಬೀಳುವ ಜಾಗಕ್ಕೆ ಗೆರೆ ಎಳೆದುಕೊಳ್ಳಿ.

ದೊಡ್ಡ ದೊಡ್ಡ ಪದಗಳನ್ನು ಬಳಸಿದರೆ ಭಾಷೆ ಚೆನ್ನಾಗಿ ಕಾಣುತ್ತದೆಯೇ?

ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದರಂತೆ ಬರುವ ಅಪರೂಪದ ಪದಗಳು ಹೆಚ್ಚಾಗಿ ಮದುವೆಯಲ್ಲಿ ಬಂದ ಮೂರನೆಯ ಗೋಡೆ ಗಡಿಯಾರದಂತೆ, ಇಡಲು ಜಾಗವಿರುವುದಿಲ್ಲ.

ಭಾರತೀಯ ಇಂಗ್ಲಿಷ್ ಪದಗಳನ್ನು ಬಳಸುವುದು ತಪ್ಪೇ?

ನಿಗದಿಯಾದ ದಿನಕ್ಕಿಂತ ಮುಂಚೆಯೇ ಇಟ್ಟುಕೊಳ್ಳುವುದು ಎಂಬ ಅರ್ಥದ ಪ್ರಿಪೋನ್ ಎಂಬುದು ನಮ್ಮಲ್ಲಿ ಚೆನ್ನಾಗಿ ಬಳಕೆಯಲ್ಲಿದ್ದು ಆಕ್ಸ್‌ಫರ್ಡ್ ನಿಘಂಟಿನೊಳಗೂ ಸೇರಿದೆ. ಔಟ್ ಆಫ್ ಸ್ಟೇಷನ್ (ಊರಲ್ಲಿಲ್ಲ), ಡೂ ದ ನೀಡ್‌ಫುಲ್ (ಆಗಬೇಕಾದ್ದನ್ನು ಮಾಡಿಕೊಡಿ) ಇವು ಬೆಂಗಳೂರಿನ ಕಚೇರಿಯಲ್ಲಿ ಯಾರಿಗೂ ತೊಡಕಾಗುವುದಿಲ್ಲ. ಆದರೆ ಓದುವವರು ಬೇರೆ ದೇಶದವರಾದರೆ ಬದಲಿಸಿಕೊಳ್ಳುವುದು ಒಳ್ಳೆಯದು. ಪದವಿ ಮುಗಿಸಿದೆ ಎನ್ನಲು ಪಾಸ್ಡ್ ಔಟ್ ಎಂದು ಬರೆದರೆ, ಪ್ರಜ್ಞೆ ತಪ್ಪಿ ಬಿದ್ದೆ ಎಂದು ಅವರು ತಿಳಿಯುವ ಸಂಭವವಿದೆ.

ಕನ್ನಡದ ಪದಕ್ಕೆ ಇಂಗ್ಲಿಷ್‌ನಲ್ಲಿ ಪದವೇ ಇಲ್ಲದಿದ್ದರೆ ಏನು ಮಾಡುವುದು?

ಹುಡುಕುವುದನ್ನು ಬಿಟ್ಟು ವಿವರಿಸಿ. ಬೀಗರು, ಮಡಿ, ಎಂಜಲು ಇವಕ್ಕೆ ಸರಿಸಮನಾದ ಒಂದು ಪದ ಇಂಗ್ಲಿಷ್‌ನಲ್ಲಿ ಇಲ್ಲ, ಏಕೆಂದರೆ ಆ ಜೀವನಕ್ರಮವೇ ಅಲ್ಲಿಲ್ಲ. ಎಂಜಲನ್ನು ಸಲೈವಾ ಎಂದು ಹೇಳಿದರೆ ವೈದ್ಯಕೀಯ ವಿಷಯವಾಗುತ್ತದೆ, ಲೆಫ್ಟ್ ಓವರ್ ಎಂದರೆ ಪಾತ್ರೆಯಲ್ಲಿ ಮಿಕ್ಕ ಅನ್ನವಾಗುತ್ತದೆ. ಅನ್ನ ಹಾಗೇ ಉಳಿದಿದ್ದರೂ ಒಬ್ಬರ ಬಾಯಿ ತಾಗಿದ್ದಕ್ಕೆ ಇನ್ನೊಬ್ಬರು ಮುಟ್ಟಲಾರರು ಎಂಬ ಭಾವ ಎರಡರಲ್ಲೂ ಬರುವುದಿಲ್ಲ. ಆಗ ಮೌತ್, ಟಚ್, ಈಟ್, ಅದರ್ ಎಂಬ ನಾಲ್ಕು ಚಿಕ್ಕ ಪದಗಳನ್ನು ಕೂಡಿಸಿ ಒಂದು ವಾಕ್ಯ ಕಟ್ಟಬೇಕು. ಈ ನಾಲ್ಕೂ ಮೊದಲ 2000 ಪದಗಳ ಪಟ್ಟಿಯಲ್ಲೇ ಇವೆ.